ಅಜ್ಜಿಯ ತುಳು ಮಾತುಗಳನ್ನು ನೆನಪಿನಲ್ಲಿ ಉಳಿಸಿಕೊಳ್ಳುವ ಬಗೆ

ಕರಾವಳಿಯಿಂದ ಘಟ್ಟ ಹತ್ತಿ ಬಂದು ನೆಲೆಸಿದ ಮನೆಗಳಲ್ಲಿ ತುಳು ಹೆಚ್ಚಾಗಿ ಮೂರನೆಯ ತಲೆಮಾರಿಗೆ ತೆಳ್ಳಗಾಗಿರುತ್ತದೆ. ಅಜ್ಜಿ ಅದರಲ್ಲೇ ಲೆಕ್ಕ ಹಾಕಿ, ಅದರಲ್ಲೇ ಬೈದು, ಅದರಲ್ಲೇ ದೈವಕ್ಕೆ ಹರಕೆ ಹೊತ್ತವಳು. ಅಪ್ಪನಿಗೆ ಅದು ಊರಿಗೆ ಫೋನು ಮಾಡುವಾಗ ಮಾತ್ರ ಬೇಕಾಗುವ ಭಾಷೆ. ಮೊಮ್ಮಕ್ಕಳ ಪಾಲಿಗೆ ಉಳಿಯುವುದು ಕೆಲವು ತಿಂಡಿಗಳ ಹೆಸರು, ಒಂದೆರಡು ಬೈಗುಳ, ಮತ್ತು ಯಾರಾದರೂ ಕೇಳಿದಾಗ ನಾಚಿಕೆಯಿಂದ ಹೇಳುವ ‘ಎಂಕ್ ತುಳು ಬರ್ಪುಜಿ’ ಎಂಬ ವಾಕ್ಯ. ತನಗೆ ತುಳು ಬರುವುದಿಲ್ಲ ಎಂಬುದನ್ನು ತುಳುವಿನಲ್ಲೇ ಹೇಳುವ ಈ ವಾಕ್ಯ ನಮ್ಮ ಮನೆಯಲ್ಲಿ ಬಹಳ ದಿನ ಇದ್ದ ನಗೆಚಾಟಿಕೆ. 2011ರ ಜನಗಣತಿಯಲ್ಲಿ ಹದಿನೆಂಟು ಲಕ್ಷಕ್ಕೂ ಹೆಚ್ಚು ಮಂದಿ ತುಳುವನ್ನು ತಮ್ಮ ತಾಯ್ನುಡಿಯೆಂದು ಬರೆಸಿದ್ದಾರೆ. ಹೀಗಾಗಿ ಇಲ್ಲಿ ಹೇಳಹೊರಟಿರುವುದು ಭಾಷೆಯೊಂದನ್ನು ಉಳಿಸುವ ದೊಡ್ಡ ಕೆಲಸದ ಬಗ್ಗೆ ಅಲ್ಲ. ಒಂದು ಮನೆಯೊಳಗೆ ಒಬ್ಬ ಅಜ್ಜಿ ಆಡಿದ ಮಾತು ಆ ಮನೆಯಿಂದ ಹೊರಬೀಳದಂತೆ ನೋಡಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ ಮಾತ್ರ.

ಪಟ್ಟಿಯಿಂದ ಆರಂಭಿಸಬೇಡಿ

ಮೊದಲ ಸಲ ಈ ಕೆಲಸಕ್ಕೆ ಕೈಹಾಕಿದಾಗ ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಹೊಸ ನೋಟುಬುಕ್ಕಿನಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ತುಳು ಎಂದು ಗೆರೆ ಎಳೆದು, ತಲೆಗೆ ‘ತರೆ’, ಕಾಲಿಗೆ ‘ಕಾರ್’, ಮೂಗಿಗೆ ‘ಮೂಂಕು’, ಮನೆಗೆ ‘ಇಲ್ಲ್’ ಎಂದು ಸುಮಾರು ಇನ್ನೂರು ಪದಗಳನ್ನು ಬರೆದುಕೊಂಡೆ. ಎರಡು ತಿಂಗಳ ಮೇಲೆ ಪುಸ್ತಕ ತೆರೆದು ನೋಡಿದಾಗ ಅದರಲ್ಲಿ ಅರ್ಧಕ್ಕರ್ಧ ನನಗೆ ಪರಕೀಯವಾಗಿ ಕಂಡವು. ಆದರೆ ಎಲ್ಲಿಯೂ ಬರೆದಿಡದ ಒಂದು ವಾಕ್ಯ, ಅಂದರೆ ಆಟವಾಡಿ ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ಹೇಳುತ್ತಿದ್ದ ‘ಕಾರ್ ದೆಕ್ಕ್‌ದ್ ಉಲಾಯಿ ಬಲ’ ಎಂಬುದು, ಮೂವತ್ತು ವರ್ಷಗಳ ನಂತರವೂ ಅವಳ ದನಿಯ ಏರಿಳಿತದೊಂದಿಗೆ ಹಾಗೆಯೇ ಇತ್ತು. ಕಾಲು ತೊಳೆದು ಒಳಗೆ ಬಾ ಎಂಬ ಆ ಒಂದು ಮಾತಿನೊಳಗೆ ಕಾಲು, ತೊಳೆಯುವುದು, ಒಳಗೆ, ಬರುವುದು ಎಂಬ ನಾಲ್ಕು ಪದಗಳು ಯಾವ ಶ್ರಮವೂ ಇಲ್ಲದೆ ಕುಳಿತಿದ್ದವು. ಪದವು ತಾನು ಹುಟ್ಟಿದ ವಾಕ್ಯದೊಳಗೆ, ಅದನ್ನು ಆಡಿದ ಹೊತ್ತು ಮತ್ತು ಜಾಗದ ಜೊತೆಗೆ ನೆನಪಿನಲ್ಲಿ ನಿಲ್ಲುತ್ತದೆ ಎಂಬುದು ನನಗೆ ಅರ್ಥವಾದದ್ದು ಆಗ. ಮುಂದೆ ಹೇಳುವ ಎಲ್ಲ ಕ್ರಮಗಳೂ ಇದನ್ನೇ ಆಧರಿಸಿವೆ.

ಹಾಗಾಗಿ ಮೊದಲ ವಾರ ಹೊಸ ಪದವನ್ನು ಹುಡುಕಲು ಹೋಗದೆ, ಈಗಾಗಲೇ ತಲೆಯಲ್ಲಿರುವ ಅಜ್ಜಿಯ ವಾಕ್ಯಗಳನ್ನು ಮಾತ್ರ ಬರೆಯಿರಿ. ಊಟದ ಹೊತ್ತಿಗೆ ಏನೆನ್ನುತ್ತಿದ್ದಳು, ಬಿದ್ದು ಅತ್ತಾಗ ಏನೆಂದು ಸಮಾಧಾನ ಮಾಡುತ್ತಿದ್ದಳು, ನೆಂಟರು ಹೊರಟಾಗ ಅಂಗಳದಲ್ಲಿ ನಿಂತು ಏನು ಹೇಳುತ್ತಿದ್ದಳು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ‘ಒಣಸ್ ಆಂಡಾ’ (ಊಟ ಆಯಿತೇ), ‘ಬುಲಿಪೊಡ್ಚಿ ಮಗಾ’ (ಅಳಬೇಡ ಮಗಾ), ‘ಪೋದು ಬಲೆ’ (ಹೋಗಿ ಬನ್ನಿ) ಎಂಬಂಥವು ಒಂದೊಂದಾಗಿ ಮೇಲೆ ಬರುತ್ತವೆ. ಅರ್ಥ ಗೊತ್ತಿಲ್ಲದಿದ್ದರೂ ಕಿವಿಯಲ್ಲಿ ಉಳಿದಿರುವ ಸದ್ದನ್ನು ಹಾಗೆಯೇ ಬರೆಯಿರಿ; ಅರ್ಥವನ್ನು ಆಮೇಲೆ ಕೇಳಿ ತಿಳಿಯಬಹುದು, ಸದ್ದು ಒಮ್ಮೆ ಹೋದರೆ ಅದನ್ನು ಕೇಳಿ ತಿಳಿಯುವುದಕ್ಕೆ ಯಾರೂ ಇರುವುದಿಲ್ಲ.

ಅಜ್ಜಿಯ ಹತ್ತಿರ ಕೇಳುವಾಗ

ಅಜ್ಜಿ ಇನ್ನೂ ಇದ್ದಾರೆ ಎಂದಾದರೆ ನೀವು ಪುಣ್ಯವಂತರು; ಆದರೆ ಅವರ ಎದುರು ನೋಟುಬುಕ್ಕು ಹಿಡಿದು ಕುಳಿತು ‘ಇದಕ್ಕೆ ತುಳುವಿನಲ್ಲಿ ಏನನ್ನುತ್ತಾರೆ’ ಎಂದು ಸಾಲಾಗಿ ಕೇಳಬೇಡಿ. ಪರೀಕ್ಷೆಗೆ ಕುಳಿತಂತಾಗಿ ಅವರು ಕನ್ನಡದ ಪದವನ್ನೇ ಹೇಳಿಬಿಡುತ್ತಾರೆ, ಅಥವಾ ‘ಅದಕ್ಕೂ ಹಾಗೇ ಅನ್ನುವುದು’ ಎಂದು ಕೈಬಿಡುತ್ತಾರೆ. ಪ್ರಶ್ನೆಯ ಬದಲು ವಸ್ತುವನ್ನು ಅವರ ಕೈಗೆ ಕೊಡಿ. ಹಲಸಿನ ಕಾಯಿ ತಂದು ಮುಂದಿಟ್ಟರೆ ‘ಪೆಲಕಾಯಿ’ ಒಂದೇ ಪದವಾಗಿ ಬರುವುದಿಲ್ಲ; ಅದರ ಮೇಣ, ಸೊಳೆ, ಬೀಜ, ಅದನ್ನು ಕೊಯ್ಯುವ ಕತ್ತಿ, ಹಿಂದೆ ತೋಟದಲ್ಲಿದ್ದ ಮರ, ಆ ಮರದಿಂದ ಬಿದ್ದ ಅಣ್ಣ, ಎಲ್ಲವೂ ತಮ್ಮ ತಮ್ಮ ಹೆಸರಿನೊಂದಿಗೆ ಬರುತ್ತವೆ. ವೀಳ್ಯದ ಹರಿವಾಣ ಮುಂದಿದ್ದರೆ ಬಚ್ಚಿರೆ (ವೀಳ್ಯದೆಲೆ), ಬಜ್ಜೆಯಿ (ಅಡಿಕೆ) ಎಂಬ ಪದಗಳ ಜೊತೆಗೆ ಯಾರ ಮನೆಯಲ್ಲಿ ಯಾರು ಹೇಗೆ ವೀಳ್ಯ ಕೊಟ್ಟರು ಎಂಬ ಜಗಳದ ಕಥೆಯೂ ಬರುತ್ತದೆ. ಆ ಕಥೆಯನ್ನು ತಡೆಯಬೇಡಿ, ಏಕೆಂದರೆ ಕ್ರಿಯಾಪದಗಳು ಇರುವುದು ಅಲ್ಲಿಯೇ.

ತುಳುವರ ತಿಂಗಳುಗಳನ್ನು ಹಿಡಿದು ಕೇಳುವುದು ಇನ್ನೊಂದು ಒಳ್ಳೆಯ ದಾರಿ. ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಂದು ಹೊರಟು ಸುಗ್ಗಿಯವರೆಗೆ ಹನ್ನೆರಡು ತಿಂಗಳು ಇವೆ. ಪ್ರತಿ ತಿಂಗಳಿಗೂ ಅದರದೇ ಕೆಲಸ, ಅದರದೇ ಊಟ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಆಟಿಯನ್ನೇ ತೆಗೆದುಕೊಳ್ಳಿ. ಮಳೆ ಬಿಡದೆ ಹೊಡೆಯುವ, ಕಣಜದಲ್ಲಿ ಅಕ್ಕಿ ತಳ ಕಂಡಿರುವ ಆ ತಿಂಗಳಿನಲ್ಲಿ ಜನ ತಜಂಕ್ ಸೊಪ್ಪು, ತೇವಿನ (ಕೆಸುವಿನ) ಎಲೆ, ಕಣಿಲೆ (ಎಳೆ ಬಿದಿರು) ತಿಂದು ದಿನ ದೂಡುತ್ತಿದ್ದರು. ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಪಾಲೆ ಮರದ ತೊಗಟೆ ತಂದು ಕಹಿ ಕಷಾಯ ಮಾಡಿ ಕುಡಿಯುತ್ತಿದ್ದರು, ಇಂದಿಗೂ ಕುಡಿಯುತ್ತಾರೆ. ‘ಆಟಿಯಲ್ಲಿ ನಿಮ್ಮ ಮನೆಯಲ್ಲಿ ಏನು ಮಾಡುತ್ತಿದ್ದಿರಿ’ ಎಂಬ ಒಂದೇ ಪ್ರಶ್ನೆಗೆ ಅರ್ಧ ಗಂಟೆಯ ಉತ್ತರ ಸಿಗುತ್ತದೆ. ನಾಟಿಯ ಕೆಲಸ ಮಾಡಿದವರಾಗಿದ್ದರೆ ಗದ್ದೆಯಲ್ಲಿ ಹಾಡುತ್ತಿದ್ದ ಓಬೇಲೆಯ ಅಥವಾ ಪಾಡ್ದನದ ಒಂದೆರಡು ಸಾಲನ್ನಾದರೂ ಹೇಳಿಸಿ. ದಿನದ ಮಾತಿನಿಂದ ಬಿದ್ದುಹೋದ ಪದಗಳು ಹಾಡಿನ ಲಯಕ್ಕೆ ಅಂಟಿಕೊಂಡು ಉಳಿದಿರುತ್ತವೆ.

ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಆದರೆ ಅವರಿಗೆ ಹೇಳಿಯೇ ಮಾಡಿ. ಕದ್ದು ಮಾಡಿದ ಮುದ್ರಣವನ್ನು ನಾಳೆ ಮನೆಯವರ ಎದುರು ಹಾಕಿ ಕೇಳುವುದಕ್ಕೆ ಮುಖ ಇರುವುದಿಲ್ಲ. ಫ್ಯಾನು ಮತ್ತು ಟಿವಿಯನ್ನು ಆರಿಸಿ, ಫೋನನ್ನು ಅವರ ಮಗ್ಗುಲಲ್ಲಿ ಬಟ್ಟೆಯ ಮೇಲಿಡಿ, ಹತ್ತು ಹದಿನೈದು ನಿಮಿಷಕ್ಕೆ ನಿಲ್ಲಿಸಿ. ಪ್ರತಿ ಸಲ ಆರಂಭದಲ್ಲಿ ದಿನಾಂಕ, ಊರು ಮತ್ತು ಯಾರು ಮಾತನಾಡುತ್ತಿದ್ದಾರೆ ಎಂಬುದನ್ನು ನೀವೇ ಹೇಳಿ, ಫೈಲಿಗೂ ಅದೇ ಹೆಸರಿಡಿ. ಪ್ರತಿಯನ್ನು ಎರಡು ಕಡೆ ಇಡಬೇಕು ಎಂಬುದನ್ನು ನಾನು ಒಂದು ಫೋನು ನೀರಿಗೆ ಬಿದ್ದ ಮೇಲೆ ಕಲಿತೆ.

ಬರೆದಿಡುವಾಗ

ತುಳುವಿಗೆ ತನ್ನದೇ ಲಿಪಿ ಉಂಟು. 2024ರಲ್ಲಿ ತುಳು-ತಿಗಳಾರಿ ಲಿಪಿಗೆ ಯೂನಿಕೋಡ್‌ನಲ್ಲಿಯೂ ಜಾಗ ಸಿಕ್ಕಿತು. ಆದರೆ ನಮ್ಮ ಈ ಕೆಲಸಕ್ಕೆ ಕನ್ನಡ ಲಿಪಿಯೇ ಸಾಕು; ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ತುಳುವನ್ನು ಅಚ್ಚು ಹಾಕಿದ್ದೂ ಕನ್ನಡ ಲಿಪಿಯಲ್ಲಿಯೇ. ಎರಡು ಕಡೆ ಮಾತ್ರ ಎಚ್ಚರ ಬೇಕು. ಮೊದಲನೆಯದು ಪದದ ಕೊನೆಯ ಅರೆ ಉಕಾರ. ಮನೆ ಎಂಬ ಅರ್ಥದ ಪದವನ್ನು ‘ಇಲ್ಲ್’ ಎಂದು ಬರೆದರೆ ವ್ಯಂಜನದಲ್ಲೇ ಕಡಿದಂತಾಗುತ್ತದೆ, ‘ಇಲ್ಲು’ ಎಂದರೆ ತುಟಿ ದುಂಡಗಾಗುತ್ತದೆ. ನಿಜವಾದ ಉಚ್ಚಾರ ಇವೆರಡರ ನಡುವೆ, ತುಟಿ ದುಂಡಗಾಗದೆ ಮುಗಿಯುವ ಒಂದು ಸಣ್ಣ ಸ್ವರ. ಎರಡನೆಯದು ಎಕಾರ. ‘ಯಾನ್ ಬರ್ಪೆ’ ಎಂದರೆ ನಾನು ಬರುತ್ತೇನೆ, ‘ಆಯೆ ಬರ್ಪೆ’ ಎಂದರೆ ಅವನು ಬರುತ್ತಾನೆ; ಕನ್ನಡದಲ್ಲಿ ಎರಡನ್ನೂ ಒಂದೇ ರೀತಿ ಬರೆಯುತ್ತೇವೆ, ಆದರೆ ಬಾಯಲ್ಲಿ ಅವು ಬೇರೆ. ನಾನು ಬರುತ್ತೇನೆ ಎಂಬ ಅರ್ಥದ ‘ಬರ್ಪೆ’ಯ ಕೊನೆಯ ಎಕಾರ ಬಾಯಿ ಅಗಲವಾಗಿ ತೆರೆದು, ‘ಬ್ಯಾಂಕ್’ ಎನ್ನುವಾಗ ಬರುವ ಸ್ವರದ ಹತ್ತಿರಕ್ಕೆ ಹೋಗುತ್ತದೆ. ನಾನು ಅಂಥ ಎಕಾರದ ಕೆಳಗೆ ಒಂದು ಅಡ್ಡಗೆರೆ ಹಾಕುತ್ತೇನೆ. ನಿಮಗೆ ತೋಚಿದ ಗುರುತನ್ನು ನೀವು ಹಾಕಿಕೊಳ್ಳಬಹುದು, ಆದರೆ ಆ ಗುರುತು ಏನೆಂದು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಪ್ರತಿ ವಾಕ್ಯದ ಜೊತೆಗೆ ಯಾರು ಯಾರಿಗೆ ಹೇಳಿದ್ದು ಎಂಬುದನ್ನೂ ಬರೆಯಬೇಕು. ‘ಬಲ’ ಎಂಬುದು ಮಗುವಿಗೆ, ‘ಬಲೆ’ ಎಂಬುದು ಮರ್ಯಾದೆ ಕೊಡಬೇಕಾದವರಿಗೆ. ಇದನ್ನು ಗಮನಿಸದೆ ನಾನು ಊರಿನ ಹಿರಿಯರೊಬ್ಬರಿಗೆ ಅಜ್ಜಿ ನನಗೆ ಹೇಳುತ್ತಿದ್ದಂತೆಯೇ ‘ಬಲ, ಕುಲ್ಲು’ (ಬಾ, ಕೂತುಕೋ) ಎಂದುಬಿಟ್ಟಿದ್ದೆ. ಮೊಮ್ಮಕ್ಕಳಿಗೆ ಅಜ್ಜಿಯಿಂದ ಸಿಗುವುದು ಬಹುತೇಕ ಏಕವಚನದ ತುಳು ಎಂಬುದು ನೆನಪಿರಲಿ. ‘ಕುಲ್ಲುಲೆ’ (ಕುಳಿತುಕೊಳ್ಳಿ), ‘ಉಂತುಲೆ’ (ನಿಲ್ಲಿ), ‘ಪನ್ಲೆ’ (ಹೇಳಿ) ಎಂಬ ಬಹುವಚನದ ರೂಪಗಳನ್ನು ನಾವಾಗಿಯೇ ಕೇಳಿ ಪಡೆಯಬೇಕಾಗುತ್ತದೆ.

ಕನ್ನಡದ ನೆರವು, ಕನ್ನಡದ ತೊಡಕು

ಕನ್ನಡ ಬಲ್ಲವರಿಗೆ ತುಳು ಪದಗಳನ್ನು ನೆನಪಿಡಲು ಕೆಲವು ಸುಲಭದ ಸೂತ್ರಗಳಿವೆ. ಹಳಗನ್ನಡದ ಪದಾದಿಯ ಪಕಾರ ಹತ್ತನೆಯ ಶತಮಾನದ ಆಸುಪಾಸಿನಿಂದ ನಿಧಾನವಾಗಿ ಹಕಾರವಾಯಿತು. ತುಳು ಆ ಪಕಾರವನ್ನು ಬಿಟ್ಟುಕೊಡಲಿಲ್ಲ. ಹಾಗಾಗಿ ಹೂವಿಗೆ ಪೂ, ಹಕ್ಕಿಗೆ ಪಕ್ಕಿ, ಹತ್ತಕ್ಕೆ ಪತ್ತ್, ಹುಳಿಗೆ ಪುಳಿ, ಹುಲಿಗೆ ಪಿಲಿ. ಶಾಲೆಯಲ್ಲಿ ಓದಿದ ಹಳಗನ್ನಡ ಪದ್ಯ ಅಷ್ಟಿಷ್ಟು ನೆನಪಿದ್ದವರಿಗೆ ಇದು ಸಲೀಸು. ಇನ್ನು ಕನ್ನಡದ ‘ಒಂದು’ ತುಳುವಿನಲ್ಲಿ ಒಂಜಿ, ‘ಹಂದಿ’ ಪಂಜಿ; ಹಿಂದೆ ಶಕಟರೇಫದಿಂದ (ಱ ಎಂಬ ಹಳೆಯ ಅಕ್ಷರದಿಂದ) ಬರೆಯುತ್ತಿದ್ದ ಮೂರು, ಆರು ಎಂಬವು ಮೂಜಿ, ಆಜಿ. ಸೂತ್ರ ಒಂದನ್ನು ಹಿಡಿದರೆ ಹತ್ತು ಪದಗಳು ಒಟ್ಟಿಗೆ ಬರುತ್ತವೆ. ಹೋಟೆಲಿನ ತಿಂಡಿಪಟ್ಟಿಯೂ ಹೀಗೆಯೇ ನೆರವಿಗೆ ಬರುತ್ತದೆ: ಪುಳಿಮುಂಚಿ ಎಂಬುದನ್ನು ಬಿಡಿಸಿದರೆ ಹುಳಿ ಮತ್ತು ಮೆಣಸು, ಕೋರಿರೊಟ್ಟಿಯ ಕೋರಿ ಎಂದರೆ ಕೋಳಿ, ದಸರೆಯ ಪಿಲಿವೇಷದಲ್ಲಿ ಕುಣಿಯುವುದು ಹುಲಿ. ಇವು ನಿಮಗೆ ಈಗಾಗಲೇ ಗೊತ್ತಿರುವ ಪದಗಳು. ಗೊತ್ತಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ತೊಡಕಿರುವುದು ಕನ್ನಡದಂತೆ ಕೇಳಿಸಿ ಬೇರೆ ಅರ್ಥ ಕೊಡುವ ಪದಗಳಲ್ಲಿ. ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ. ಮೊದಲ ಸಲ ಇದನ್ನು ಕೇಳಿದ ಕನ್ನಡಿಗರು ಹೇಳುವವರೇ ತಪ್ಪಿದರೆಂದು ತಿಳಿಯುತ್ತಾರೆ. ‘ಬಂಜಿ’ ಎಂದರೆ ಹೊಟ್ಟೆ, ‘ಕೂಲಿ’ ಎಂದರೆ ಹಲ್ಲು, ‘ಕುಕ್ಕು’ ಎಂದರೆ ಮಾವು, ‘ಬಾರೆ’ ಎಂದರೆ ಬಾಳೆ, ‘ಬೊಂಡ’ ಎಂದರೆ ಎಳನೀರು. ಅಜ್ಜಿಯ ಮನೆಗೆ ಬಂದಿದ್ದ ನನ್ನ ಗೆಳೆಯನೊಬ್ಬ ಬೊಂಡ ಕೊಡುತ್ತಾರೆಂದು ತಟ್ಟೆಗಾಗಿ ಕಾದು ಕುಳಿತದ್ದುಂಟು. ಹಸಿವಾಗುತ್ತದೆ ಎಂಬುದಕ್ಕೆ ‘ಬಡವಾಪುಂಡು’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಬಡವನಾಗುತ್ತೇನೆ ಎಂದಂತೆ ಕೇಳಿಸುತ್ತದೆ. ಇಂಥವನ್ನು ಬೇರೆ ಪುಟದಲ್ಲಿ ಒಟ್ಟಿಗೆ ಬರೆದುಕೊಳ್ಳಿ. ನಗು ಬರಿಸುವ ಪದ ಮರೆತುಹೋಗುವುದು ಕಡಿಮೆ.

ನಿಘಂಟು ಯಾವಾಗ ಬೇಕು

ನಿಘಂಟನ್ನು ತೆರೆಯಬೇಕಾದದ್ದು ಮನೆಯವರನ್ನೆಲ್ಲ ಕೇಳಿ ಮುಗಿದ ಮೇಲೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರ ನಡುವೆ ಹೊರಬಂದ ಆರು ಸಂಪುಟಗಳ ತುಳು ನಿಘಂಟು ಈ ಕೆಲಸಕ್ಕೆ ಬಹಳ ಉಪಯುಕ್ತ, ಏಕೆಂದರೆ ಅದು ಒಂದೇ ಪದ ಬೇರೆ ಬೇರೆ ಕಡೆ, ಬೇರೆ ಬೇರೆ ಜನರ ಬಾಯಲ್ಲಿ ಪಡೆದ ರೂಪಗಳನ್ನೂ ಕೊಡುತ್ತದೆ. ಅದಕ್ಕೆ ನೂರು ವರ್ಷ ಮೊದಲು, 1886ರಲ್ಲಿ, ಬಾಸೆಲ್ ಮಿಷನ್ನಿನ ಮೆನ್ನರ್ ಸಿದ್ಧಪಡಿಸಿದ ತುಳು–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಅಜ್ಜಿ ತನ್ನ ಅಜ್ಜಿಯಿಂದ ಕೇಳಿದ್ದ ಪದ ಈಗಿನ ಬಳಕೆಯಲ್ಲಿ ಸಿಗದೆ ಹೋದರೆ ಅದರಲ್ಲಿ ಹುಡುಕಿ ನೋಡಬಹುದು. 2016ರಿಂದ ತುಳು ವಿಕಿಪೀಡಿಯ ಇದೆ. ಓದುವ ಅಭ್ಯಾಸಕ್ಕೆ ಅದು ಒಳ್ಳೆಯದು. ಗೂಗಲ್ ಅನುವಾದದಲ್ಲಿಯೂ ಈಗ ತುಳು ಸೇರಿದೆ, ಆದರೆ ಅದು ಕೊಡುವ ವಾಕ್ಯವನ್ನು ಅಜ್ಜಿಯ ಪುಸ್ತಕದಲ್ಲಿ ಬರೆಯಬೇಡಿ.

ನಿಘಂಟಿನ ರೂಪಕ್ಕೂ ಅಜ್ಜಿಯ ರೂಪಕ್ಕೂ ವ್ಯತ್ಯಾಸ ಕಂಡರೆ ಅಜ್ಜಿಯದನ್ನು ತಿದ್ದಬಾರದು. ತುಳು ಒಂದೇ ಬಗೆಯದಲ್ಲ. ಇಲ್ಲ ಎಂಬುದಕ್ಕೆ ಹೆಚ್ಚಿನವರು ‘ಇಜ್ಜಿ’ ಎಂದರೆ ಬ್ರಾಹ್ಮಣರ ಮನೆಗಳಲ್ಲಿ ‘ಇದ್ದಿ’ ಎನ್ನುತ್ತಾರೆ. ಏನು ಎಂಬುದಕ್ಕೆ ಕೆಲವರಲ್ಲಿ ‘ದಾದ’, ಕೆಲವರಲ್ಲಿ ‘ದಾನೆ’. ಒಂದು ಊರಿನಲ್ಲಿ ‘ತಪ್ಪು’ ಎಂದು ಕರೆಯುವ ಸೊಪ್ಪನ್ನು ಇನ್ನೊಂದು ಊರಿನವರು ‘ಸಪ್ಪು’ ಎನ್ನುತ್ತಾರೆ. ಉಡುಪಿಯ ಕಡೆಯ ಮಾತಿಗೂ ಕಾಸರಗೋಡಿನ ಕಡೆಯ ಮಾತಿಗೂ ಅಂತರ ಉಂಟು. ನಿಮ್ಮ ಅಜ್ಜಿ ಯಾವ ಊರಿನಲ್ಲಿ ಹುಟ್ಟಿ ಯಾವ ಊರಿಗೆ ಮದುವೆಯಾಗಿ ಹೋದರು ಎಂಬುದು ಅವರ ಒಂದೊಂದು ಪದದ ಮೇಲೂ ಬರೆದಿರುತ್ತದೆ. ಅದನ್ನು ಒರೆಸಿ ಪುಸ್ತಕದ ರೂಪವನ್ನು ಬರೆದರೆ ಉಳಿಯುವುದು ತುಳು ಹೌದು, ಅಜ್ಜಿಯದಲ್ಲ.

ಬಾಯಿಗೆ ತರುವುದು

ಬರೆದಿಟ್ಟ ಮಾತು ನೆನಪಿನಲ್ಲಿ ಉಳಿಯಬೇಕಾದರೆ ಅದಕ್ಕೆ ದಿನದಲ್ಲಿ ಒಂದು ಜಾಗ ಬೇಕು. ನಾನು ಮಾಡಿದ್ದು ಇಷ್ಟೇ: ಒಂದೊಂದು ವಾಕ್ಯವನ್ನು ಅಜ್ಜಿ ಅದನ್ನು ಆಡುತ್ತಿದ್ದ ಹೊತ್ತಿಗೇ ಕಟ್ಟಿಹಾಕಿದೆ. ಚಪ್ಪಲಿ ಬಿಡುವಲ್ಲಿ ಕಾಲು ತೊಳೆಯುವ ವಾಕ್ಯ, ತಟ್ಟೆ ಹಾಕುವಾಗ ‘ಬಡವಾಪುಂಡಾ’, ಬಿಸಿಲಿಗೆ ಓಡುವ ಮಗಳಿಗೆ ‘ದೊಂಬುಗು ಪೋವಡ’, ಮನೆಯಿಂದ ಹೊರಡುವಾಗ ‘ಪೋದು ಬರ್ಪೆ’. ಒಂದು ವಾರಕ್ಕೆ ಎರಡು ವಾಕ್ಯಗಳಿಗಿಂತ ಹೆಚ್ಚು ಸೇರಿಸಲಿಲ್ಲ. ಮಹಡಿಯ ಮೆಟ್ಟಿಲು ಹತ್ತುವಾಗ ಒಂಜಿ, ರಡ್ಡ್, ಮೂಜಿ, ನಾಲ್, ಐನ್, ಆಜಿ, ಏಳ್, ಎಣ್ಮ, ಒರ್ಂಬ, ಪತ್ತ್ ಎಂದು ಎಣಿಸಿಕೊಂಡು ಹೋಗುವ ಅಭ್ಯಾಸ ಮಗಳಿಗೆ ಹತ್ತಿದ್ದು ನಾನು ಹೇಳಿಕೊಟ್ಟು ಅಲ್ಲ, ನನ್ನ ಹಿಂದೆ ಹತ್ತುತ್ತಿದ್ದುದರಿಂದ. ಬಂಧುವಾಚಕಗಳನ್ನು ಫೋನಿನ ಹೆಸರುಗಳಲ್ಲಿಯೇ ಬರೆದುಬಿಡಿ. ಅಪ್ಪನ ತಂಗಿ ‘ಮಾಮಿ’ ಎಂದೂ, ಅಣ್ಣ ‘ಪಲಯೆ’ ಎಂದೂ, ತಂಗಿ ‘ಮೆಗ್ದಿ’ ಎಂದೂ ಇದ್ದರೆ ಕರೆ ಬಂದಾಗಲೆಲ್ಲ ಪದ ಕಣ್ಣಿಗೆ ಬೀಳುತ್ತದೆ.

ಹೊಸ ವಾಕ್ಯವನ್ನು ಕೇಳಿದ ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಪುಸ್ತಕ ನೋಡದೆ ಹೇಳಿ ನೋಡಿ. ತಡವರಿಸಿದರೆ ಪುಸ್ತಕದ ಬದಲು ಅಜ್ಜಿಯ ಧ್ವನಿಯನ್ನು ಹಾಕಿ ಕೇಳಿ, ಅವರ ಜೊತೆಗೇ ದನಿ ಕೂಡಿಸಿ ಹೇಳಿ.

ಇಲ್ಲಿ ನೆಂಟರಿಗೆ ಒಂದು ಮಾತು ಹೇಳಲೇಬೇಕು. ಘಟ್ಟದ ಮೇಲಿನ ಮಗು ತೊದಲುತ್ತಾ ತುಳು ಆಡಿದಾಗ ಊರಿನ ಚಾವಡಿಯಲ್ಲಿ ಎದ್ದೇಳುವ ನಗು ಪ್ರೀತಿಯದೇ ಇರಬಹುದು, ಆದರೆ ಆ ನಗುವಿನ ನಂತರ ಮಗು ಕನ್ನಡಕ್ಕೆ ಮರಳಿ ಮತ್ತೆ ಬಾಯಿ ತೆರೆಯುವುದಿಲ್ಲ. ನಾನು ಹತ್ತು ವರ್ಷದವನಿದ್ದಾಗ ಹೀಗೆ ಸುಮ್ಮನಾದವನು ಮೂವತ್ತೆಂಟಕ್ಕೆ ಮತ್ತೆ ಆರಂಭಿಸಿದೆ. ತಪ್ಪಾದ ವಾಕ್ಯವನ್ನು ತಿದ್ದುವ ಬದಲು, ಸರಿಯಾದ ರೂಪವನ್ನು ಸೇರಿಸಿ ಉತ್ತರ ಕೊಟ್ಟರೆ ಸಾಕು.

ಅಜ್ಜಿ ತೀರಿಕೊಂಡ ಮೇಲೆ

ಅಜ್ಜಿ ಇಲ್ಲವಾದರೂ ಅವರ ಮಾತು ಹಲವರಲ್ಲಿ ಹಂಚಿಹೋಗಿರುತ್ತದೆ. ಅಪ್ಪನಿಗೆ ಲೆಕ್ಕ ಮತ್ತು ಗದ್ದೆಯ ಪದಗಳು, ಮಾಮಿಯವರಿಗೆ ಅಡುಗೆ ಮತ್ತು ಬಾಣಂತನದ ಪದಗಳು, ನೆರೆಮನೆಯವರಿಗೆ ಅವರ ಜಗಳದ ಪದಗಳು ನೆನಪಿರುತ್ತವೆ. ಒಬ್ಬರನ್ನೇ ಕೂರಿಸಿ ಕೇಳುವುದಕ್ಕಿಂತ ಅಕ್ಕತಂಗಿಯರಿಬ್ಬರನ್ನು ಸೇರಿಸಿ ಕೇಳುವುದು ಲೇಸು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ‘ಅಮ್ಮ ಹಾಗೆ ಅಲ್ಲ ಅನ್ನುತ್ತಿದ್ದದ್ದು’ ಎಂದು ತಡೆಯುವ ಕ್ಷಣದಲ್ಲಿ ನಿಜವಾದ ಮಾತು ಹೊರಬರುತ್ತದೆ. ‘ಅವರು ಸಿಟ್ಟಾದಾಗ ಏನನ್ನುತ್ತಿದ್ದರು’ ಎಂದು ಕೇಳಿ, ಬೈಗುಳವನ್ನೂ ಬಿಡದೆ ಬರೆಯಿರಿ. ಹಟ್ಟಿಯಲ್ಲಿದ್ದ ದನಗಳ ಹೆಸರು, ಗದ್ದೆಗಳ ಹೆಸರು, ಬಾವಿ, ಅಂಗಳ, ಹಟ್ಟಿಗಳಿಗೆ ಮನೆಯಲ್ಲಿ ಬಳಸುತ್ತಿದ್ದ ಗುವೆಲ್, ಜಾಲ್, ಕಿದೆ ಎಂಬ ಪದಗಳು, ಎಲ್ಲವನ್ನೂ ಹಳೆಯ ಮನೆಯ ಒಂದು ನಕ್ಷೆ ಬರೆದು ಅದರ ಮೇಲೆಯೇ ಗುರುತಿಸಿ. ನಕ್ಷೆಯನ್ನು ಎದುರಿಗಿಟ್ಟರೆ ವಯಸ್ಸಾದವರು ಅದರೊಳಗೆ ನಡೆದಾಡುತ್ತಾ ಹೇಳುತ್ತಾ ಹೋಗುತ್ತಾರೆ.

ಯಾರಿಗೂ ಅರ್ಥ ತಿಳಿಯದ, ಯಾವ ನಿಘಂಟಿನಲ್ಲಿಯೂ ಸಿಗದ ಕೆಲವು ಮಾತುಗಳು ಕೊನೆಗೆ ಉಳಿಯುತ್ತವೆ. ಅವಕ್ಕಾಗಿ ಪುಸ್ತಕದ ಕೊನೆಯ ನಾಲ್ಕು ಪುಟಗಳನ್ನು ಖಾಲಿ ಬಿಡಿ. ಅರ್ಥದ ಜಾಗದಲ್ಲಿ ಏನನ್ನೂ ಊಹಿಸಿ ಬರೆಯದೆ, ಹೇಳಿದವರ ಹೆಸರನ್ನು ಮಾತ್ರ ಬರೆದಿಡಿ. ನನ್ನ ಪುಸ್ತಕದ ಆ ಪುಟದಲ್ಲಿ ಏಳು ಮಾತುಗಳಿವೆ. ಎಂಟನೆಯದನ್ನು ಬರೆಯಲು ಬರುವುದಿಲ್ಲ: ಸಂಜೆ ಕೋಳಿಗಳನ್ನು ಗೂಡಿಗೆ ಕರೆಯಲು ಅಜ್ಜಿ ನಾಲಗೆಯನ್ನು ಅಂಗುಳಕ್ಕೆ ತಾಗಿಸಿ ಮಾಡುತ್ತಿದ್ದ ಸದ್ದು. ಮಾಮಿ ಅದನ್ನು ಮಾಡಿ ತೋರಿಸಿದ ನಾಲ್ಕು ಸೆಕೆಂಡಿನ ಧ್ವನಿ ನನ್ನ ಬಳಿ ಇದೆ, ಅದರ ಕೊನೆಯಲ್ಲಿ ಮಾಮಿ ನಕ್ಕದ್ದೂ ಸೇರಿದೆ. ಪುಟದಲ್ಲಿ ಆ ಫೈಲಿನ ಹೆಸರನ್ನಷ್ಟೇ ಬರೆದಿದ್ದೇನೆ.